ಬಾಗಿಲು ಮುಚ್ಚುವ ಕೆಲಸ: ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕಾಲ್ ರೂಮಿನಲ್ಲಿ ನನ್ನ ಅನುಭವ

ಅಥ್ಲೆಟಿಕ್ಸ್ ನೋಡಲು ಬರುವವರಿಗೆ ಕಾಲ್ ರೂಮ್ ಕಾಣುವುದಿಲ್ಲ. ಅಭ್ಯಾಸದ ಟ್ರ್ಯಾಕ್‌ಗೂ ಮುಖ್ಯ ಕ್ರೀಡಾಂಗಣಕ್ಕೂ ನಡುವೆ ಇರುವ ಕೊಠಡಿ ಅದು. ಓಡುವವರು, ಜಿಗಿಯುವವರು, ಎಸೆಯುವವರು ಎಲ್ಲರೂ ಕಣಕ್ಕೆ ಇಳಿಯುವ ಮೊದಲು ಅಲ್ಲಿ ಹಾಜರಿ ಹಾಕಬೇಕು. ಗುರುತಿನ ಚೀಟಿ, ಎದೆ ಮತ್ತು ಬೆನ್ನಿನ ನಂಬರು, ಬೂಟಿನ ಮುಳ್ಳುಗಳು, ಕೈಚೀಲ ಎಲ್ಲದರ ತಪಾಸಣೆ ಅಲ್ಲೇ. ಪ್ರಕಟಿಸಿದ ಸಮಯಕ್ಕೆ ಸರಿಯಾಗಿ ಬಾಗಿಲು ಮುಚ್ಚುತ್ತದೆ. ಸಕಾರಣವಿಲ್ಲದೆ ಹೊರಗೆ ಉಳಿದವರ ಸ್ಪರ್ಧೆ ಅಲ್ಲಿಗೆ ಮುಗಿಯಿತು. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಆ ಬಾಗಿಲಿನ ಬಳಿ ನಿಂತ ನಿರ್ಣಾಯಕರಲ್ಲಿ ನಾನೂ ಒಬ್ಬ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನ ಪಾಲಿಗೆ ಬಂದಾಗಿನಿಂದ ಕಿರಿಯ ನಿರ್ಣಾಯಕರು 'ಅಲ್ಲಿ ಏನು ಮಾಡಿದಿರಿ, ಹೇಗೆ ಮಾಡಿದಿರಿ' ಎಂದು ಕೇಳುತ್ತಿರುತ್ತಾರೆ. ನೆನಪಿರುವುದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಂಥ ಕೂಟವನ್ನು ನಡೆಸುವ ನಗರದ ಕಷ್ಟಗಳೆಲ್ಲ, ಮಳೆಯಾಗಲಿ ವಾಹನದಟ್ಟಣೆಯಾಗಲಿ ಭದ್ರತಾ ತಪಾಸಣೆಯಾಗಲಿ ಅರ್ಧಕ್ಕೆ ನಿಂತ ಕಾಮಗಾರಿಯಾಗಲಿ, ಕೊನೆಗೆ ಕಾಲ್ ರೂಮಿಗೆ ಒಂದೇ ವೇಷದಲ್ಲಿ ಬರುತ್ತವೆ: ತಡ. ಸಂಜೆಯ ಓಟದ ವೇಳಾಪಟ್ಟಿಗೆ ನಗರದ ಕಷ್ಟ ಗೊತ್ತಿಲ್ಲ. ಈ ಎರಡರ ನಡುವೆ ಸಿಕ್ಕಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು.

ಆ ಸೆಪ್ಟೆಂಬರ್‌ನ ದೆಹಲಿ ನೆನಪಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ, ಯಮುನೆ ತುಂಬಿ ಹರಿಯುತ್ತಿತ್ತು, ಊರಿನಲ್ಲಿ ಡೆಂಗಿ. ಅಕ್ಷರಧಾಮದ ಪಕ್ಕದ ಕ್ರೀಡಾಗ್ರಾಮ ವಾಸಕ್ಕೆ ಸಿದ್ಧವಾಗಿಲ್ಲವೆಂದು ಕೆಲವು ತಂಡಗಳು ಪ್ರಯಾಣವನ್ನೇ ಮುಂದೂಡಿದವು. ಸೆಪ್ಟೆಂಬರ್ 21ರಂದು ನಮ್ಮ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಪಾದಚಾರಿ ಮೇಲ್ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಸೇನೆಯ ಎಂಜಿನಿಯರುಗಳು ಬಂದು ಕೆಲವೇ ದಿನಗಳಲ್ಲಿ ಅಲ್ಲಿ ಉಕ್ಕಿನ ಸಿದ್ಧ ಭಾಗಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆ ನಿಲ್ಲಿಸಿದರು. ಊರಿನಿಂದ ಫೋನು ಮಾಡಿದವರೆಲ್ಲ 'ಕೂಟ ನಡೆಯುತ್ತದೆಯೇ' ಎಂದೇ ಕೇಳುತ್ತಿದ್ದರು. ನಿರ್ಣಾಯಕರ ಕೋಣೆಗಳಲ್ಲಿ ಆ ಮಾತು ಅಷ್ಟಾಗಿ ಬರುತ್ತಿರಲಿಲ್ಲ. ಟ್ರ್ಯಾಕ್ ಇದ್ದರೆ, ಗಡಿಯಾರ ಇದ್ದರೆ, ಸ್ಪರ್ಧಿಗಳು ಬಂದರೆ ಕೂಟ ನಡೆಯುತ್ತದೆ ಎಂಬ ಒರಟು ನಂಬಿಕೆ ನಮ್ಮದು.

ಉದ್ಘಾಟನೆ ಅಕ್ಟೋಬರ್ 3ರಂದು ಅದೇ ಕ್ರೀಡಾಂಗಣದಲ್ಲಿ, ಅಥ್ಲೆಟಿಕ್ಸ್ ಆರಂಭ 6ರಂದು. ದೊಡ್ಡ ಹೀಲಿಯಂ ಬಲೂನು, ಸಾವಿರಾರು ಕಲಾವಿದರು, ವೇದಿಕೆಗಳು ಎಲ್ಲ ಹೋಗಿ ಆ ಜಾಗದಲ್ಲಿ ಎಸೆತದ ಬಲೆ, ಜಿಗಿತದ ಮರಳು, ಹರ್ಡಲ್‌ಗಳು ಬರಬೇಕು. ಅಂಗಳದವರು ಹಗಲು ರಾತ್ರಿ ಅದರಲ್ಲೇ ಮುಳುಗಿದ್ದರು. ನಮಗೆ ಬೇಕಾದದ್ದು ಬೇರೆಯೇ ಆಗಿತ್ತು, ದಾರಿ. ಕಾಲ್ ರೂಮಿನಿಂದ ಪ್ರತಿ ಓಟದ ಆರಂಭದ ಗೆರೆಯವರೆಗೆ ನಡೆದು ನೋಡಬೇಕು. 100 ಮೀಟರ್ ಓಟ ಶುರುವಾಗುವುದು ಒಂದು ಮೂಲೆಯಲ್ಲಿ, 200 ಮೀಟರ್ ಅದರ ಎದುರಿನ ತಿರುವಿನಲ್ಲಿ, 1500 ಮೀಟರ್ ಇನ್ನೊಂದು ಕಡೆ. ಎಂಟು ಜನರನ್ನು ಸಾಲಾಗಿ ಕರೆದೊಯ್ಯುವಾಗ ಒಬ್ಬರೇ ನಡೆದಾಗಿನ ಲೆಕ್ಕ ಹಿಡಿಯುವುದಿಲ್ಲ. ದಾರಿಯಲ್ಲಿ ಈಟಿ ಎಸೆತ ನಡೆಯುತ್ತಿದ್ದರೆ ತಡೆದು ನಿಲ್ಲಬೇಕು, ಪದಕ ಪ್ರದಾನಕ್ಕೆ ರಾಷ್ಟ್ರಗೀತೆ ಶುರುವಾದರೆ ನಿಂತಲ್ಲೇ ನಿಲ್ಲಬೇಕು. ಸ್ವಯಂಸೇವಕ ಹುಡುಗ ಹುಡುಗಿಯರನ್ನೇ ಸ್ಪರ್ಧಿಗಳೆಂದು ಭಾವಿಸಿ, ಸ್ಪರ್ಧಿಗಳ ಬಟ್ಟೆಬರೆ ಒಯ್ಯುವ ಬುಟ್ಟಿಯನ್ನು ಕೈಯಲ್ಲಿ ಹಿಡಿಸಿ ನಡೆಸಿದೆವು. ಮೊದಮೊದಲು ಅವರಿಗೆ ಅದು ತಮಾಷೆಯಾಗಿತ್ತು. ಸುರಂಗದ ಬಾಯಿಯಲ್ಲಿ ಕ್ಯಾಮೆರಾ ತಂಡ ತಂತಿ ಹರಡಿಕೊಂಡು ಕುಳಿತಿರುವುದು, ಅಲ್ಲಿ ಗಾಲಿಕುರ್ಚಿ ದಾಟದು ಎಂಬುದು ಆ ನಡಿಗೆಯಲ್ಲೇ ತಿಳಿಯಿತು.

ಗಾಲಿಕುರ್ಚಿಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಕಾಮನ್‌ವೆಲ್ತ್ ಕೂಟದಲ್ಲಿ ಪ್ಯಾರಾ ಸ್ಪರ್ಧೆಗಳಿಗೆ ಬೇರೆ ಕೂಟವಿಲ್ಲ, ಅವು ಅದೇ ವೇಳಾಪಟ್ಟಿಯ ಭಾಗ. 1500 ಮೀಟರ್ ಟಿ54, ಅಂದರೆ ಗಾಲಿಕುರ್ಚಿ ಸ್ಪರ್ಧಿಗಳ ಒಂದು ವರ್ಗದ, ಓಟದ ಕುರ್ಚಿಗಳು ಉದ್ದ, ಮುಂದೆ ಒಂದೇ ಗಾಲಿ, ಹಿಂದಿನ ಎರಡು ಗಾಲಿ ಓರೆ. ಸ್ಪರ್ಧಿ ದಿನನಿತ್ಯದ ಕುರ್ಚಿಯಿಂದ ಓಟದ ಕುರ್ಚಿಗೆ ಬದಲಾಗಬೇಕು, ಗಾಲಿಗಳ ಗಾಳಿ ನೋಡಿಕೊಳ್ಳಬೇಕು, ಕೈಗವಸು ಬಿಗಿಯಬೇಕು. ನಂಬರು ಹೆಲ್ಮೆಟ್ ಮೇಲೂ ಕುರ್ಚಿಯ ಹಿಂದೆಯೂ ಬೇಕು. ಉಳಿದ ಓಟಗಾರರನ್ನು ಕೂರಿಸುವ ಬೆಂಚುಗಳನ್ನೆಲ್ಲ ಎತ್ತಿ ಗೋಡೆಗೆ ಒರಗಿಸದೆ ಅವರಿಗೆ ಜಾಗವಾಗುವುದಿಲ್ಲ. ನಾವು ಹಿಂದೆ ಕೆಲಸ ಮಾಡಿದ್ದ ರಾಜ್ಯ, ರಾಷ್ಟ್ರೀಯ ಕೂಟಗಳಲ್ಲಿ ಇದರ ಅಭ್ಯಾಸ ಯಾರಿಗೂ ಆಗಿರಲಿಲ್ಲ. ಕಲಿಸಿದವರು ಸ್ಪರ್ಧಿಗಳೇ.

ಇನ್ನು ದಿನದ ಕೆಲಸ. ಕೊಠಡಿಯಲ್ಲಿ ಸಾಲಾಗಿ ಮೇಜುಗಳು. ಮೊದಲ ಮೇಜಿನಲ್ಲಿ ಗುರುತಿನ ಚೀಟಿ ಮತ್ತು ಸ್ಪರ್ಧಿಗಳ ಪಟ್ಟಿ, ಎರಡನೆಯದರಲ್ಲಿ ನಂಬರು ಮತ್ತು ಉಡುಪು, ಮೂರನೆಯದರಲ್ಲಿ ಬೂಟು ಮತ್ತು ಚೀಲ. ಆಗಿನ ನಿಯಮದ ಪ್ರಕಾರ ಒಂದು ಬೂಟಿನ ಅಡಿಯಲ್ಲಿ 11ಕ್ಕಿಂತ ಹೆಚ್ಚು ಮುಳ್ಳುಗಳಿರಬಾರದು, ಸಿಂಥೆಟಿಕ್ ಟ್ರ್ಯಾಕ್ ಮೇಲೆ ಮುಳ್ಳಿನ ಉದ್ದ 9 ಮಿ.ಮೀ. ದಾಟಬಾರದು. ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ ಮಾತ್ರ 12 ಮಿ.ಮೀ. ಅಳೆಯಲು ಸಣ್ಣ ಲೋಹದ ಮಾಪಕ ಇರುತ್ತದೆ. ಉದ್ದ ಮುಳ್ಳು ಸಿಕ್ಕರೆ ಬಿಚ್ಚಿ ಬೇರೆ ಹಾಕಲು ಕೀಲಿ ಕೈಯಲ್ಲೇ ಇರಬೇಕು. ಓಟಗಾರನನ್ನು 'ಹೋಗಿ ಸರಿಮಾಡಿಸಿಕೊಂಡು ಬಾ' ಎಂದು ಕಳುಹಿಸಿದರೆ ಆತ ಮರಳುವ ಖಾತ್ರಿ ಇಲ್ಲ. ಮೊಬೈಲ್, ಹಾಡು ಕೇಳುವ ಯಂತ್ರ, ರೇಡಿಯೊ ಯಾವುದೂ ಕಣದೊಳಗೆ ಹೋಗುವಂತಿಲ್ಲ. ಅವನ್ನು ನಂಬರು ಬರೆದ ಚೀಲಕ್ಕೆ ಹಾಕಿ, ಚೀಟಿ ಕೊಟ್ಟು, ಸ್ಪರ್ಧೆ ಮುಗಿದ ಕಡೆಗೆ ತಲುಪಿಸುತ್ತಿದ್ದೆವು. ಅನುಮತಿಗಿಂತ ದೊಡ್ಡದಾದ ಕಂಪನಿ ಚಿಹ್ನೆಗಳ ಮೇಲೆ ಅಂಟುಪಟ್ಟಿ ಹಚ್ಚುವುದು ಕೊನೆಯ ಕೆಲಸ. ಅದಕ್ಕಾಗಿ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಇದರ ಜೊತೆಗೆ ಒಬ್ಬರಿಗೆ ಗಡಿಯಾರ ನೋಡುವುದರ ಹೊರತು ಬೇರೆ ಕೆಲಸ ಕೊಡಬಾರದು. ಇದು ನಾವು ಮಾಡಿದ ಅತ್ಯುತ್ತಮ ಏರ್ಪಾಡು ಎಂದು ಇಂದಿಗೂ ಅನಿಸುತ್ತದೆ. ಆ ವ್ಯಕ್ತಿ ಬೂಟು ನೋಡುವಂತಿಲ್ಲ, ನಂಬರು ಚುಚ್ಚುವಂತಿಲ್ಲ. ಮೊದಲ ಕರೆ, ಎರಡನೆಯ ಕರೆ, ಬಾಗಿಲು ಮುಚ್ಚುವ ಸಮಯ, ಸಾಲು ಹೊರಡುವ ಸಮಯ, ಇಷ್ಟನ್ನು ಗಟ್ಟಿಯಾಗಿ ಹೇಳುತ್ತಿರಬೇಕು. ಕೋಲು ಜಿಗಿತದವರನ್ನು ಓಟಗಾರರಿಗಿಂತ ಎಷ್ಟೋ ಮುಂಚೆ ಕರೆಯಬೇಕು, ಏಕೆಂದರೆ ಅವರು ಕಣದಲ್ಲೇ ಅಭ್ಯಾಸದ ಜಿಗಿತ ಮಾಡಬೇಕು. ರಿಲೇ ತಂಡಗಳು ಮೊದಲ ಕರೆಗೆ ಒಂದು ಗಂಟೆ ಮುಂಚೆಯೇ ಓಡುವವರ ಹೆಸರು ಮತ್ತು ಕ್ರಮವನ್ನು ಬರೆದು ಕೊಟ್ಟಿರಬೇಕು. ಈ ಎಲ್ಲ ಗಳಿಗೆಗಳೂ ಒಂದರ ಮೇಲೊಂದು ಬೀಳುತ್ತವೆ. ಮದುವೆಮನೆಯಲ್ಲಿ ಮುಹೂರ್ತ ನೋಡುತ್ತ ಕೂರುವ ಹಿರಿಯರಂತೆ ಒಬ್ಬರು ಬೇಕೇ ಬೇಕು.

ನಮ್ಮ ಊರಿನ ಕೂಟಗಳಲ್ಲಿ ಬಾಗಿಲು ಮುಚ್ಚಿದ ಮೇಲೂ 'ಸರ್, ಒಂದೇ ನಿಮಿಷ' ಎಂದು ತರಬೇತುದಾರರು ಬಂದು ನಿಲ್ಲುತ್ತಾರೆ, ನಾವೂ ಮೆತ್ತಗಾಗುತ್ತೇವೆ. ದೆಹಲಿಯಲ್ಲಿ ಮೆತ್ತಗಾದರೆ ಎದುರಾಳಿ ತಂಡದ ಆಕ್ಷೇಪಣೆ ಕಾಗದದ ರೂಪದಲ್ಲಿ ಬರುತ್ತದೆ. ಹಾಗಾದರೆ ಬಸ್ಸು ತಡವಾದವರ ಗತಿ ಏನು? ಕ್ರೀಡಾಗ್ರಾಮ ಯಮುನೆಯ ಆಚೆ ದಡದಲ್ಲಿ, ಕ್ರೀಡಾಂಗಣ ಈಚೆ. ಸರಾಯ್ ಕಾಲೇ ಖಾನ್‌ನಿಂದ ಬಾರಾಪುಲಾ ನಾಲೆಯ ಮೇಲೆ ಕಟ್ಟಿದ ಎತ್ತರಿಸಿದ ರಸ್ತೆ ಕ್ರೀಡಾಪಟುಗಳ ಬಸ್ಸಿಗೆಂದೇ ಆಗ ಸಿದ್ಧವಾಗಿತ್ತು. ಉಳಿದ ರಸ್ತೆಗಳಲ್ಲಿ ಕೂಟದ ವಾಹನಗಳಿಗೆ ಪ್ರತ್ಯೇಕ ಪಥ. ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟಿದ್ದರಿಂದ ದಟ್ಟಣೆಯೂ ಕಡಿಮೆ. ಹಾಗಾಗಿ ರಸ್ತೆ ನಮ್ಮನ್ನು ಕಾಡಿದ್ದು ಕಡಿಮೆ, ಕಾಡಿದ್ದು ಕ್ರೀಡಾಂಗಣದ ಗೇಟು. ಅಭ್ಯಾಸದ ಟ್ರ್ಯಾಕ್‌ನಿಂದ ನಮ್ಮ ಕೊಠಡಿಗೆ ಬರುವ ದಾರಿಯಲ್ಲೇ ತಪಾಸಣೆ. ಪಾಳಿ ಬದಲಾದಾಗಲೆಲ್ಲ ಹೊಸ ಕಾವಲುಗಾರರು, ಅವರಿಗೆ ಹೊಸ ಆದೇಶ. ಸ್ಪರ್ಧಿಯ ಗುರುತಿನ ಚೀಟಿ ಚೀಲದಲ್ಲಿ, ಚೀಲ ತರಬೇತುದಾರನ ಕೈಯಲ್ಲಿ, ತರಬೇತುದಾರನಿಗೆ ಒಳಗೆ ಬಿಡುವುದಿಲ್ಲ. ಎದುರಿಗೆ ನಿಂತಿರುವುದು ಫೈನಲ್ ಓಡಬೇಕಾದ ಹುಡುಗಿ ಎಂದು ಪಾಪ ಅವರಿಗೇನು ಗೊತ್ತು?

ನಾವು ಮಾಡಿದ್ದು ಇಷ್ಟೆ. ಪ್ರತಿ ಪಾಳಿಯ ಆರಂಭದಲ್ಲಿ ನಮ್ಮಲ್ಲೊಬ್ಬರು ಗೇಟಿಗೆ ಹೋಗಿ ಮುಖ್ಯಸ್ಥರನ್ನು ಕಂಡು, ಯಾವ ಚೀಟಿಯವರು ಒಳಬರಬಹುದೆಂಬ ಮಾದರಿಗಳ ಹಾಳೆ ಕೊಟ್ಟು, ಆ ಸಂಜೆಯ ಓಟಗಳ ಸಮಯ ಹೇಳಿ ಬರುವುದು. ಹಿಂದಿ ಚೆನ್ನಾಗಿ ಬಲ್ಲ ಹರಿಯಾಣದ ಸಹೋದ್ಯೋಗಿಯೊಬ್ಬರಿಗೆ ಆ ಕೆಲಸ ಒಪ್ಪಿಸಿದೆವು. ಮೊದಲ ದಿನ ವಾದ, ಮರುದಿನ ಚಹಾ, ಆಮೇಲೆ ಕಾವಲುಗಾರರೇ ವೈರ್‌ಲೆಸ್‌ನವರ ಹತ್ತಿರ ಬಂದು 'ನಿಮ್ಮವರೊಬ್ಬರು ಇಲ್ಲಿದ್ದಾರೆ' ಎನ್ನತೊಡಗಿದರು. ಗೇಟಿನಲ್ಲಿ ತಡೆಹಿಡಿಯಲ್ಪಟ್ಟವರ ಹೆಸರು ಸಮಯದೊಳಗೆ ನಮ್ಮ ಕಿವಿಗೆ ಬಿದ್ದರೆ ರೆಫರಿಗೆ ತಿಳಿಸಬಹುದು. ತೀರ್ಮಾನ ಅವರದು. ಬಾಗಿಲಲ್ಲಿ ನಿಂತವನು ದಯೆಯನ್ನೂ ತೋರಬಾರದು, ಕಾಠಿಣ್ಯವನ್ನೂ ತೋರಬಾರದು, ಗಡಿಯಾರದ ಸಮಯವನ್ನು ಬರೆದುಕೊಳ್ಳಬೇಕು.

ಭಾಷೆಯ ಬಗ್ಗೆ ನಾನೊಂದು ಪಣ ತೊಟ್ಟಿದ್ದೆ. ಡಿಸ್ಕಸ್‌ನಲ್ಲಿ ವಿಕಾಸ್ ಗೌಡ, ಜಾವೆಲಿನ್‌ನಲ್ಲಿ ಕಾಶಿನಾಥ ನಾಯ್ಕ್, ರಿಲೇಯಲ್ಲಿ ಅಶ್ವಿನಿ ಅಕ್ಕುಂಜಿ, ಹೀಗೆ ಕರ್ನಾಟಕದ ನಂಟಿನವರು ಭಾರತ ತಂಡದಲ್ಲಿದ್ದರು. ಕಾಲ್ ರೂಮಿನಲ್ಲಿ ಯಾರೊಂದಿಗೂ ಕನ್ನಡ ಆಡುವುದಿಲ್ಲ ಎಂದು ನಿರ್ಧರಿಸಿದ್ದೆ. ಪಕ್ಕದ ಬೆಂಚಿನಲ್ಲಿ ಕುಳಿತ ನೈಜೀರಿಯಾದವರಿಗೆ ನಾನು ಏನು ಹೇಳಿದೆ ಎಂದು ತಿಳಿಯಬೇಕಾದರೆ ಎಲ್ಲರಿಗೂ ಒಂದೇ ಇಂಗ್ಲಿಷ್, ಒಂದೇ ವಾಕ್ಯ, ಒಂದೇ ಧ್ವನಿ. ಅದು ಬಿಗುಮಾನವೆಂದು ಗೆಳೆಯರು ನಕ್ಕರು. ನಗಲಿ.

ಆ ವರ್ಷದ ಜನವರಿಯಿಂದ ತಪ್ಪು ಆರಂಭದ, ಅಂದರೆ ಗುಂಡಿನ ಸದ್ದಿಗೆ ಮೊದಲೇ ಹೊರಡುವುದರ, ನಿಯಮ ಬದಲಾಗಿತ್ತು. ಮೊದಲ ತಪ್ಪಿಗೇ ಹೊರಗೆ. ಅದರ ಬಿಸಿ ಮಹಿಳೆಯರ 100 ಮೀಟರ್ ಫೈನಲ್‌ನಲ್ಲಿ ತಟ್ಟಿತು. ಗೆದ್ದ ಆಸ್ಟ್ರೇಲಿಯಾದ ಸ್ಯಾಲಿ ಪಿಯರ್ಸನ್ ಅವರನ್ನು ಓಟ ಮುಗಿದ ಮೇಲೆ ಇಂಗ್ಲೆಂಡಿನ ಆಕ್ಷೇಪಣೆಯ ನಂತರ ಅನರ್ಹಗೊಳಿಸಲಾಯಿತು. ಚಿನ್ನ ನೈಜೀರಿಯಾದ ಒಲುದಮೋಲಾ ಒಸಾಯೆಮಿ ಅವರಿಗೆ ಹೋಯಿತು. ಮುಂದೆ ಅವರ ಉದ್ದೀಪನ ಮದ್ದಿನ ಪರೀಕ್ಷೆಯ ಫಲಿತಾಂಶ ಬಂದು ಅದು ಸೇಂಟ್ ವಿನ್ಸೆಂಟ್‌ನ ನತಾಶಾ ಮೇಯರ್ಸ್ ಕೈಸೇರಿತು. ಆರಂಭದ ಗೆರೆಯಲ್ಲಿ ಆಗುವುದಕ್ಕೂ ನಮಗೂ ಸಂಬಂಧವಿಲ್ಲ ನಿಜ. ಆದರೆ ಮರುದಿನದಿಂದ ಕೊಠಡಿಯ ಗಾಳಿಯೇ ಬಿಗಿಯಾಯಿತು. ಪ್ರತಿ ಓಟಗಾರರೂ ನಿಯಮವನ್ನು ಮತ್ತೆ ಕೇಳತೊಡಗಿದರು. ನಾವು ವಿವರಿಸಲು ಹೋಗಲಿಲ್ಲ, 'ಸ್ಟಾರ್ಟರ್ (ಓಟ ಆರಂಭಿಸುವ ಅಧಿಕಾರಿ) ಹೇಳುತ್ತಾರೆ' ಎಂದಷ್ಟೇ ಉತ್ತರ. ಅರ್ಧ ತಿಳಿದವನ ವಿವರಣೆ ನಾಳೆ ಆಕ್ಷೇಪಣೆಯ ಕಾಗದದಲ್ಲಿ ಸಾಕ್ಷಿಯಾಗುತ್ತದೆ. ಪಿಯರ್ಸನ್ ಅದೇ ಕೂಟದಲ್ಲಿ 100 ಮೀಟರ್ ಹರ್ಡಲ್ಸ್ ಗೆದ್ದರು.

ಕೂಟವನ್ನು ನೀವು ನೋಡಿದಿರಾ ಎಂದು ಕೇಳುವವರಿದ್ದಾರೆ. ನೋಡಲಿಲ್ಲ, ಕೇಳಿಸಿಕೊಂಡೆ. ಸಾಲು ಕಣಕ್ಕೆ ಹೋದ ಮೇಲೆ ನಾವು ಮುಂದಿನ ಪಟ್ಟಿ ಹಿಡಿದು ಕುಳಿತಿರುತ್ತೇವೆ. ಅಕ್ಟೋಬರ್ 11ರಂದು ಕೃಷ್ಣಾ ಪೂನಿಯಾ ಡಿಸ್ಕಸ್ ಚಿನ್ನ ಗೆದ್ದಾಗ, ಹರ್ವಂತ್ ಕೌರ್ ಮತ್ತು ಸೀಮಾ ಅಂತಿಲ್ ಉಳಿದೆರಡು ಪದಕಗಳನ್ನೂ ತಂದಾಗ, ಅದು 1958ರ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಎಂದು ವೈರ್‌ಲೆಸ್‌ನಲ್ಲಿ ಯಾರೋ ಕೂಗಿದರು. ಮರುದಿನ ಮಹಿಳೆಯರ 4x400 ರಿಲೇ. ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್. ಬ್ಯಾಟನ್, ನಂಬರು, ಸೊಂಟದ ಸಂಖ್ಯೆ ಎಲ್ಲ ನೋಡಿ ಕಳುಹಿಸಿದ ಮೇಲೆ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದಿನಲ್ಲೇ ಓಟವನ್ನು ಊಹಿಸಬೇಕಾಯಿತು. ಮೂರನೆಯ ಸುತ್ತಿನಲ್ಲಿ ಸದ್ದು ಏರಿದ್ದು ಮತ್ತೆ ಇಳಿಯಲೇ ಇಲ್ಲ. 3 ನಿಮಿಷ 27.77 ಸೆಕೆಂಡು, ಚಿನ್ನ. ನಮ್ಮ ಗಡಿಯಾರದ ವ್ಯಕ್ತಿ ಆ ಗದ್ದಲದಲ್ಲೂ ಮುಂದಿನ ಸಾಲಿನ ಸಮಯ ಕೂಗಿದರು.

ಅಹಮದಾಬಾದಿಗೆ ಹೋಗುವವರಿಗೆ ನನ್ನ ಸಲಹೆ ಕಡಿಮೆ. ಉದ್ಘಾಟನೆಯ ಪೂರ್ವಾಭ್ಯಾಸ ಎಷ್ಟು ಸಲ ನಡೆಯುತ್ತದೆಯೋ ಅಷ್ಟು ಸಲ ಸಂಜೆಯ ದಟ್ಟಣೆಯಲ್ಲಿ, ಜನ ತುಂಬಿದ ಬಸ್ಸಿನಲ್ಲಿ, ಕ್ರೀಡಾಗ್ರಾಮದ ಬಾಗಿಲಿನಿಂದ ಕಾಲ್ ರೂಮಿನ ಮೇಜಿನವರೆಗೆ ಬಂದು ನೋಡಲು ಅವಕಾಶ ಕೇಳಿ. ಖಾಲಿ ರಸ್ತೆಯಲ್ಲಿ ಕಾರಿನಲ್ಲಿ ಬಂದು ಅಳೆದ ಸಮಯವನ್ನು ನಂಬಬೇಡಿ. ನಕ್ಷೆಯಲ್ಲಿ ಬಾಗಿಲಿನ ಅಗಲ ಬರೆದಿದ್ದರೂ ಓಟದ ಗಾಲಿಕುರ್ಚಿಯೊಂದನ್ನು ತರಿಸಿ ದಾಟಿಸಿ ನೋಡಿ. ಸೇಫ್ಟಿ ಪಿನ್, ಕತ್ತರಿ, ಅಂಟುಪಟ್ಟಿ, ಮಾರ್ಕರ್ ಪೆನ್ನುಗಳನ್ನು ಮನೆಯಿಂದಲೇ ಒಯ್ಯಿರಿ. ಅವು ಸಾಮಗ್ರಿಗಳ ಪಟ್ಟಿಯಲ್ಲಿ ಇದ್ದೇ ಇರುತ್ತವೆ, ಮೇಜಿನ ಮೇಲೆ ಇರುವುದಿಲ್ಲ.