ಚಳಿಗಾಲದ ನಸುಕಿನಲ್ಲಿ ರೈಲು ಮತ್ತು ಹಳಿ ಕೆಲಸದ ಛಾಯಾಚಿತ್ರ: ದಾವಣಗೆರೆ ಸುತ್ತ ತೆಗೆಯುವವರಿಗೆ

ರೈಲಿನ ಛಾಯಾಚಿತ್ರ ತೆಗೆಯುವವರಿಗೆ ದಾವಣಗೆರೆ ಸೀಮೆಯಲ್ಲಿ ಮಾರ್ಗಶಿರದಿಂದ ಮಾಘದವರೆಗಿನ ದಿನಗಳಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಮೆಕ್ಕೆಜೋಳದ ಕೊಯ್ಲು ಮುಗಿದಿರುವುದರಿಂದ ಹೊಲದ ದಾರಿಯಲ್ಲಿ ನಿಂತರೂ ಹಳಿ ಕಾಣಿಸುತ್ತದೆ. ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳ ಮೇಲೆ ಮಂಜು ತೆಳುವಾಗಿ ಹಾಸಿಕೊಂಡಿರುತ್ತದೆ. ಆದರೆ ಬರುವವರಲ್ಲಿ ಹೆಚ್ಚಿನವರು ಎಂಜಿನ್ನನ್ನಷ್ಟೇ ಸೆರೆಹಿಡಿದು ಹಿಂದಿರುಗುತ್ತಾರೆ. ಆ ರೈಲು ಬರುವ ಮೊದಲು ಅದೇ ಹಳಿಯನ್ನು ಪರೀಕ್ಷಿಸುತ್ತ ನಡೆದು ಹೋದ ರೈಲ್ವೆ ನೌಕರ, ಅಂದರೆ ಕೀಮ್ಯಾನ್, ಇಲ್ಲದೆ ಚಳಿಗಾಲದ ರೈಲ್ವೆಯ ಚಿತ್ರ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವರ ಕೆಲಸದ ಕಾರಣ ತಿಳಿದಿದ್ದರೆ ಕ್ಯಾಮೆರಾವನ್ನು ಎತ್ತ ತಿರುಗಿಸಬೇಕೆಂಬುದೂ ತಿಳಿಯುತ್ತದೆ. ಉಕ್ಕು ಚಳಿಗೆ ಕುಗ್ಗುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಎಲ್ಲಿಯೂ ಬಿಗಿಯದೆ ಬಿಟ್ಟರೆ, ಉಷ್ಣಾಂಶ 20 ಡಿಗ್ರಿ ಇಳಿದಾಗ ಅದು ಸುಮಾರು 23 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಬೆಸೆದು ಉದ್ದವಾಗಿಸಿದ ಇಂದಿನ ಹಳಿಗಳನ್ನು ಕ್ಲಿಪ್ಪುಗಳೂ ಹಳಿಯಡಿಯ ಅಡ್ಡ ತೊಲೆಗಳಾದ ಸ್ಲೀಪರುಗಳೂ ಜಲ್ಲಿಯೂ ಹಿಡಿದಿಟ್ಟಿರುವುದರಿಂದ ಅವು ಕುಗ್ಗಲಾರದೆ ಒಳಗೊಳಗೇ ಸೆಳೆತಕ್ಕೆ ಸಿಲುಕುತ್ತವೆ. ದುರ್ಬಲವಾದ ಬೆಸುಗೆಯಿದ್ದರೆ ಅದು ಬಿರುಕು ಬಿಡುವ ಸಂಭವ ಹೆಚ್ಚಿರುವುದು ಇಂಥ ತಣ್ಣನೆಯ ಹೊತ್ತಿನಲ್ಲಿಯೇ. ಆದ್ದರಿಂದ ಕೀಮ್ಯಾನ್ ಬಗ್ಗಿ ನೋಡುವ ಬೆಸುಗೆ, ಸಡಿಲವಾದ ಕ್ಲಿಪ್ಪಿನ ಮೇಲೆ ಬೀಳುವ ಸುತ್ತಿಗೆ, ಹೆಗಲ ಚೀಲದಿಂದ ಹೊರಚಾಚಿದ ಕೆಂಪು ಮತ್ತು ಹಸಿರು ಬಾವುಟ, ಇವೇ ನಿಮ್ಮ ಚಿತ್ರದ ವಿಷಯಗಳು. ಮುಖವನ್ನಷ್ಟೇ ಹತ್ತಿರದಿಂದ ತೆಗೆಯುವುದಕ್ಕಿಂತ, ಕೈ, ಉಪಕರಣ ಮತ್ತು ದೂರಕ್ಕೆ ಹೋಗುವ ಹಳಿ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಲ್ಲಿ. ಮೊದಲು ಕ್ಯಾಮೆರಾ ತೋರಿಸಿ ಅನುಮತಿ ಕೇಳಿ. ಕೆಲಸದ ನಡುವೆ ಕರೆದು ಮಾತನಾಡಿಸಬೇಡಿ, ಏಕೆಂದರೆ ಅವರ ಕಿವಿ ಬರುವ ರೈಲಿನ ಕಡೆಗಿರಬೇಕು. ಚಿತ್ರದ ಒಂದು ಪ್ರತಿ ಮುದ್ರಿಸಿ ಅವರಿಗೆ ತಲುಪಿಸುವುದು ನಮ್ಮ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

ಬೆಳಕಿನ ಲೆಕ್ಕವನ್ನು ಹಿಂದಿನ ದಿನವೇ ಮಾಡಿಕೊಳ್ಳಬೇಕು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯೋದಯ ಸುಮಾರು 6:50ಕ್ಕೆ. ಸಂಕ್ರಾಂತಿಯ ಹೊತ್ತಿಗೆ ಅದು ಇನ್ನೂ ಸುಮಾರು ಐದು ನಿಮಿಷ ತಡವಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟದೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳಿ ಒಟ್ಟಾರೆ ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ವಾಲಿ ಸಾಗುವುದರಿಂದ, ಬೆಳಿಗ್ಗೆ ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಹೆಚ್ಚು ಕಡಿಮೆ ಸೂರ್ಯನಿಗೆ ಎದುರಾಗಿಯೇ ಬರುತ್ತದೆ ಮತ್ತು ಎಂಜಿನ್ನಿನ ಮುಖವೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಸಂಜೆ ಹರಿಹರದ ಕಡೆಗೆ ಹೊರಟ ರೈಲನ್ನು ಹಳಿಯ ದಕ್ಷಿಣ ಬದಿಯಿಂದ ತೆಗೆದರೆ ಮುಖಕ್ಕೂ ಮಗ್ಗುಲಿಗೂ ಬೆಳಕು ಬೀಳುತ್ತದೆ. ತೋಳಹುಣಸೆ, ಕೊಡಗನೂರು ದಾಟಿ ಚಿಕ್ಕಜಾಜೂರಿನತ್ತ ಹೋದಂತೆ ಹಳಿ ಉತ್ತರ–ದಕ್ಷಿಣವಾಗಿ ವಾಲುತ್ತದೆ. ಅಲ್ಲಿ ಬೆಳಗಿನ ಹೊತ್ತು ಪೂರ್ವ ಬದಿಯಲ್ಲಿ ನಿಲ್ಲುವುದು ಒಳಿತು. ಹರಿಹರದಾಚೆ ತುಂಗಭದ್ರೆಯ ಸೇತುವೆಯನ್ನು ನದಿಯ ದಡದಿಂದ ತೆಗೆಯಬಹುದು. ಚಿಕ್ಕಜಾಜೂರಿನಿಂದ ಚಿತ್ರದುರ್ಗದ ಕಡೆಗೆ ಕವಲೊಡೆಯುವ ಮಾರ್ಗದಲ್ಲಿ ನೆಲ ಒಣಗಿರುವುದರಿಂದ ಮಂಜು ಕಡಿಮೆ. ಅಲ್ಲಿ ಬಂಡೆಗುಡ್ಡಗಳ ಮುಂದೆ ಹೋಗುವ ಗೂಡ್ಸ್ ರೈಲು ಸ್ಪಷ್ಟವಾಗಿ ಮೂಡುತ್ತದೆ.

ಮಂಜಿನಲ್ಲಿ ಕ್ಯಾಮೆರಾ ಎರಡು ಸಲ ಮೋಸಹೋಗುತ್ತದೆ. ಸುತ್ತಲಿನ ಬಿಳುಪನ್ನು ಅತಿ ಬೆಳಕೆಂದು ಭಾವಿಸಿ ಅದು ಚಿತ್ರವನ್ನು ಬೂದುಗೊಳಿಸುತ್ತದೆ. ಆಗ ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಿಸಬೇಕು. ಮತ್ತೆ ಎಂಜಿನ್ನಿನ ದೀಪ ಕಂಡ ಕೂಡಲೇ ಹೆದರಿ ಎಲ್ಲವನ್ನೂ ಕತ್ತಲಾಗಿಸುತ್ತದೆ. ಆದ್ದರಿಂದ ರೈಲು ಬರುವ ಮೊದಲೇ ಜಲ್ಲಿ ಮತ್ತು ಹುಲ್ಲಿನ ಬೆಳಕನ್ನು ಅಳೆದು ಮ್ಯಾನುಯಲ್‌ನಲ್ಲಿ ಸ್ಥಿರಪಡಿಸಿಕೊಳ್ಳಿ. ಫೋಕಸ್ಸನ್ನೂ ರೈಲು ಬಂದಾಗ ಹುಡುಕದೆ, ಅದು ಹಾದುಹೋಗಲಿರುವ ಒಂದು ವಿದ್ಯುತ್ ಕಂಬಕ್ಕೆ ಮೊದಲೇ ಇಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಸುಮಾರು 2.8 ಸೆಂಟಿಮೀಟರ್ ಮುಂದೆ ಸಾಗುತ್ತದೆ. ಮಗ್ಗುಲಿನಿಂದ ತೆಗೆಯುವಾಗ ಅದಕ್ಕಿಂತ ನಿಧಾನವಾದ ಶಟರ್ ಇಟ್ಟರೆ ಬೋಗಿಯ ಅಕ್ಷರಗಳು ಕದಡುತ್ತವೆ. ಉದ್ದದ ಲೆನ್ಸ್ ಮಂಜನ್ನು ಇನ್ನಷ್ಟು ದಟ್ಟವಾಗಿಸುವುದರಿಂದ ನಾನು 50 ಅಥವಾ 85 ಮಿಲಿಮೀಟರ್ ಲೆನ್ಸನ್ನೇ ನೆಚ್ಚಿಕೊಂಡಿದ್ದೇನೆ.

ಲೆನ್ಸಿಗೆ ಹುಡ್ ಹಾಕಿದರೆ ಇಬ್ಬನಿ ಕಡಿಮೆ ಕೂರುತ್ತದೆ. ಎರಡನೆಯ ಬ್ಯಾಟರಿ ಒಳ ಜೇಬಿನಲ್ಲಿರಲಿ. ಒಮ್ಮೆ ನಸುಕಿನಲ್ಲಿ ತಣ್ಣಗಾಗಿದ್ದ ಕ್ಯಾಮೆರಾವನ್ನು ಚೀಲದೊಳಗಿಡದೆ ಹಿಡಿದುಕೊಂಡೇ ಬೆಣ್ಣೆ ದೋಸೆಗೆಂದು ಹೋಟೆಲ್ಲಿಗೆ ಹೋಗಿದ್ದೆ. ಹಂಚಿನ ಆವಿಯಿಂದ ಗಾಜೆಲ್ಲ ಬೆವರಿ, ಒಂದು ಗೂಡ್ಸ್ ರೈಲು ಕಣ್ಣೆದುರಿಗೇ ತಪ್ಪಿಹೋಯಿತು. ಅಂದಿನಿಂದ ಒಳಗೆ ಕಾಲಿಡುವ ಮೊದಲು ಚೀಲದ ಜಿಪ್ಪನ್ನು ಪೂರ್ತಿ ಮುಚ್ಚುತ್ತೇನೆ.

ನಿಲ್ಲುವ ಜಾಗದ ವಿಷಯದಲ್ಲಿ ರಿಯಾಯಿತಿ ಬೇಡ. ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಮಂಜಿನಲ್ಲಿ ವಿದ್ಯುತ್ ಎಂಜಿನ್ನಿನ ಸದ್ದು ಬಹಳ ಹತ್ತಿರ ಬರುವವರೆಗೂ ತಿಳಿಯದಿರಬಹುದು. ಮೇಲ್ಸೇತುವೆ, ಗೇಟಿನ ಹೊರಗಿನ ರಸ್ತೆ, ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂಬದಿ, ಇಷ್ಟು ಸಾಕು. ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು ಸ್ಟೇಷನ್ ಮಾಸ್ಟರನ್ನು ಕೇಳಿಯೇ ಕ್ಯಾಮೆರಾ ತೆರೆಯಿರಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುವುದರಿಂದ ಮೇಲ್ಸೇತುವೆಯ ಮೇಲೆ ಟ್ರೈಪಾಡನ್ನಾಗಲಿ ಸೆಲ್ಫಿ ಕೋಲನ್ನಾಗಲಿ ಹೊರಚಾಚಬೇಡಿ. ತಂತಿಗೆ ಎರಡು ಮೀಟರಿಗಿಂತ ಹತ್ತಿರ ಏನನ್ನೂ ಒಯ್ಯಬಾರದು. ಫ್ಲ್ಯಾಷ್ ಲೋಕೋ ಪೈಲಟ್ಟಿನ ಕಣ್ಣು ಕೋರೈಸುತ್ತದೆ, ಹಳಿ ದುರಸ್ತಿಯ ಗ್ಯಾಂಗ್‌ಮನ್ನರ ಕಿತ್ತಳೆ ಜಾಕೆಟ್ಟಿನ ಹೊಳೆಯುವ ಪಟ್ಟಿಯನ್ನು ಬರೀ ಬಿಳಿಯಾಗಿಸುತ್ತದೆ. ಮನೆಯಿಂದ ಹೊರಡುವಾಗಲೇ ಅದನ್ನು ಆಫ್ ಮಾಡಿಡಿ.