ವಿಜಯಪುರದಲ್ಲಿ ಹಳೇ ಮನೆ ಕೊಂಡು, ರಿಪೇರಿ ಮಾಡಿ ಮಾರಿದ ನನ್ನ ಅನುಭವ

ಹಳೇ ಮನೆ ಎಲ್ಲಿ ಸಿಗುತ್ತದೆ ಎಂದು ನಾನು ಕೇಳುವುದು ಗೌಂಡಿಗಳನ್ನು. ಯಾವ ಮಾಳಿಗೆ (ತೊಲೆಗಳ ಮೇಲೆ ಮಣ್ಣು ಹಾಕಿದ ಚಾವಣಿ) ಸೋರುತ್ತಿದೆ, ಯಾವ ಮನೆಗೆ ಬೀಗ ಬಿದ್ದಿದೆ, ಯಾರ ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆ ನಿಂತಿದ್ದಾರೆ, ಎಲ್ಲ ಅವರಿಗೆ ಗೊತ್ತು. ‘ಮಾರಾಟಕ್ಕಿದೆ’ ಬೋರ್ಡ್ ಬಿದ್ದರೆ ನಾಲ್ಕು ಜನ ಬಂದು ದರ ಏರಿಸುತ್ತಾರೆ. ಅದಕ್ಕೂ ಮೊದಲೇ ಹೋಗಿ ಮಾತಾಡಬೇಕು.

ನಮ್ಮ ಊರಲ್ಲಿ ಮನೆಗಿಂತ ಮೊದಲು ನಕ್ಷೆ ನೋಡಬೇಕು. ಕೋಟೆ ಒಳಗೆ ಎಲ್ಲಿ ನಿಂತರೂ ಹತ್ತಿರದಲ್ಲೊಂದು ಗುಮ್ಮಟವೋ ಮಹಲೋ ಬಾವಡಿಯೋ ಇರುತ್ತದೆ, ಅಲ್ವಾ? ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 2010ರಲ್ಲಿ ತಿದ್ದುಪಡಿಯಾದ ಕಾನೂನು ಇದು. ಆದರೆ 100 ಮೀಟರ್ ಒಳಗಿನ ಹಳೇ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವವರು ಇಂಥ ಜಾಗದ ಕಡೆ ಬರುವುದಿಲ್ಲ, ಹಾಗಾಗಿ ನಮ್ಮಂಥವರಿಗೆ ಪೈಪೋಟಿ ಕಡಿಮೆ. ಆದರೂ ಅನುಮತಿಗೆ ಕಾಯುವಷ್ಟು ದಿನ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ಅದಕ್ಕೇ ಮೊದಲ ಮನೆಯನ್ನು ನಾನು ಈ ಗೆರೆಯ ಹೊರಗೇ ಖರೀದಿಸಿದೆ.

ಗೋಡೆ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಇಲ್ಲಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದಿದ್ದರೆ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಗಿಲಾಯಿಯ (ಗೋಡೆಗೆ ಬಳಿದ ಗಾರೆಯ) ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ಗೋಡೆಯ ಎರಡೂ ಬದಿ ಕಾಣುವ ಬಿರುಕಿದ್ದರೆ ಪಾಯವೇ ಅಲುಗಾಡಿದೆ ಎಂದು ಅನುಮಾನ ಪಡಬೇಕು. ಅಂಥ ಮನೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಬಿಟ್ಟುಬಿಡುತ್ತೇನೆ. ಮಾಳಿಗೆ ಮನೆಯಾದರೆ ತೊಲೆ, ಜಂತಿಗಳಿಗೆ ಮೊಳೆ ಚುಚ್ಚಿ ನೋಡುತ್ತೇನೆ. ಸುಲಭವಾಗಿ ಒಳಗೆ ಇಳಿದರೆ ಗೆದ್ದಲು ತಿಂದಿದೆ.

ಕಲ್ಲು ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಲು ನಾನು ಬಿಡುವುದಿಲ್ಲ. ಒಳಗಿನ ತೇವ ಹೊರಗೆ ಬರಲು ದಾರಿ ಸಿಗದೆ ಸವಳು (ಉಪ್ಪು) ಹತ್ತಿ ಗಿಲಾಯಿ ಉದುರುತ್ತದೆ. ಸುಣ್ಣದ ಗಾರೆಯೇ ಸರಿ. ನೆಲಕ್ಕೆ ಹಾಸಿದ ಶಹಾಬಾದಿ ಫರಸಿ (ಕಲ್ಲಿನ ಹಾಸು) ಗಟ್ಟಿಯಿದ್ದರೆ ಕಿತ್ತು ಟೈಲ್ಸ್ ಹಾಕಿಸಬೇಡಿ. ಪಾಲಿಶ್ ಮಾಡಿಸಿದರೆ ಅದರ ಅಂದವೇ ಬೇರೆ. ದುಡ್ಡನ್ನು ಮಾಳಿಗೆ, ವೈರಿಂಗ್, ಬಚ್ಚಲು, ಅಡುಗೆಮನೆಗೆ ಹಾಕಿ.

ಕಾಗದಪತ್ರದಲ್ಲಿ ಮಾತ್ರ ಯಾರ ಮಾತನ್ನೂ ಸುಮ್ನೆ ನಂಬಬಾರದು. ಸಿಟಿ ಸರ್ವೆ ಉತಾರ (ಸರ್ವೆ ಕಚೇರಿಯ ದಾಖಲೆ ಪ್ರತಿ), ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ, ವ್ಯವಹಾರದ ವಿವರ) ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಅಳತೆ ತಾಳೆ ನೋಡಬೇಕು. ಉತಾರದಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರೇ ಉಳಿದಿರುವುದು ಇಲ್ಲಿ ಮಾಮೂಲು. ಆಗ ವಾರಸುದಾರರೆಲ್ಲ ಸಹಿ ಹಾಕಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ‘ಅಕ್ಕನಿಗೆ ಏನೂ ಬೇಡವಂತೆ’ ಎಂದು ಅಣ್ಣತಮ್ಮಂದಿರು ಹೇಳಿದರೆ ಸಾಲದು, ಆ ಅಕ್ಕನನ್ನೇ ಕಂಡು ಮಾತಾಡಿ. ಅದು ಅವರ ಹಕ್ಕು. ಅವರಿಗೆ ನ್ಯಾಯವಾಗಿ ಸೇರಬೇಕಾದದ್ದು ಸೇರಲೇಬೇಕು.

ಲೆಕ್ಕ ಹಾಕುವಾಗ ಮುದ್ರಾಂಕ ಶುಲ್ಕ, ನೋಂದಣಿ ಖರ್ಚು, ಬಡ್ಡಿ, ತೆರಿಗೆ ಎಲ್ಲ ಮೊದಲೇ ಬರೆದುಕೊಳ್ಳಿ. ಕೊಂಡ 24 ತಿಂಗಳೊಳಗೆ ಮಾರಿದರೆ ಲಾಭವು ನಿಮ್ಮ ಉಳಿದ ಆದಾಯದ ಜೊತೆ ಸೇರಿ ಅದೇ ದರದಲ್ಲಿ ತೆರಿಗೆ ಬೀಳುತ್ತದೆ. ಪದೇ ಪದೇ ಕೊಂಡು ಮಾರಿದರೆ ಅದನ್ನು ವ್ಯಾಪಾರದ ಆದಾಯ ಎಂದೇ ನೋಡಬಹುದು. ಮೊದಲ ಮನೆ ಕೊಳ್ಳುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ನನ್ನ ಹತ್ತಿರ ಬರುವವರು ಹೆಚ್ಚಾಗಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯವರು. ಮಕ್ಕಳ ಓದಿಗಾಗಿ ವಿಜಯಪುರದಲ್ಲೊಂದು ಮನೆ ಬೇಕು ಎನ್ನುವವರು. ಅವರು ಬಣ್ಣ ನೋಡುವುದಿಲ್ಲ. ನೀರು ಹೇಗೆ ಬರುತ್ತದೆ, ಬ್ಯಾಂಕ್ ಸಾಲ ಸಿಗುತ್ತದಾ ಎಂದು ಕೇಳುತ್ತಾರೆ. ಅವರಿಗಾಗಿ ನೀರಿನ ತೊಟ್ಟಿಯನ್ನು ದೊಡ್ಡದಾಗಿಯೇ ಕಟ್ಟಿಸುತ್ತೇನೆ, ಕಾಗದಗಳ ಫೈಲನ್ನು ಮೊದಲ ದಿನವೇ ಕೈಗೆ ಕೊಡುತ್ತೇನೆ.