ಬ್ರಿಟನ್ನಿನಲ್ಲಿ ಮೊದಲ ಬೈಕ್: ಹೊರಟು ನಿಂತ ನಮ್ಮೂರ ಮಕ್ಕಳಿಗೆ

ನಾನು ಬೇಸಿಗೆ ರಜೆಗೆ ಬ್ರಿಟನ್ನಿನಿಂದ ಬಳ್ಳಾರಿಗೆ ಬಂದಾಗಲೆಲ್ಲ ಅಲ್ಲಿಗೆ ಓದಲು ಹೊರಟ ಹುಡುಗರು ಸಂಜೆ ಮನೆಗೆ ಬರುತ್ತಾರೆ. ಸಿಂಧನೂರು, ಗಂಗಾವತಿ ಕಡೆಯಿಂದಲೂ ಫೋನ್ ಬರುತ್ತದೆ. ಬಾಡಿಗೆ ಕೋಣೆಯ ಮಾತು ಮುಗಿದೊಡನೆ ಕೇಳುವುದು ಒಂದೇ: ‘ಅಣ್ಣಾ, ಅಲ್ಲಿ ಕಡಿಮೆ ದುಡ್ಡಿಗೆ ಬೈಕ್ ಸಿಗುತ್ತದೆಯೇ?’ ಸಿಗುತ್ತದೆ. ಆದರೆ ಕೈಯಲ್ಲಿರುವ ಹಣದಲ್ಲಿ ಮೊದಲು ಮೈಗೆ ಬೇಕಾದದ್ದನ್ನು ತೆಗೆದಿಡಿ, ಉಳಿದದ್ದರಲ್ಲಿ ಬೈಕ್ ಹುಡುಕಿ. ನಮ್ಮವರು ಬೈಕಿಗೆ ಎಲ್ಲವನ್ನೂ ಸುರಿದು ಹೆಲ್ಮೆಟ್ಟಿಗೆ ಚಿಲ್ಲರೆ ಹುಡುಕುವುದನ್ನು ನೋಡಿ ನೋಡಿ ಸಂಕಟವಾಗಿದೆ.

ಕಾಗದಪತ್ರದ ವಿಷಯ ಇಷ್ಟೇ. ನಿಮ್ಮ ಲೈಸೆನ್ಸಿನಲ್ಲಿ ಮೋಟಾರ್ ಸೈಕಲ್ ನಮೂದಾಗಿದ್ದರೆ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿನ ಪ್ರಾವಿಷನಲ್ ಲೈಸೆನ್ಸ್ (ನಮ್ಮ ಎಲ್‌ಎಲ್ ಇದ್ದಂತೆ), ಸಿಬಿಟಿ ಎಂಬ ಮೂಲ ತರಬೇತಿ, ಪರೀಕ್ಷೆಗಳು. ಸಿಬಿಟಿ ಪ್ರಮಾಣಪತ್ರದ ಅವಧಿ 2 ವರ್ಷ. ಅದರ ಮೇಲೆ ‘ಎಲ್’ ಫಲಕ ಹಾಕಿಕೊಂಡು 125 ಸಿಸಿವರೆಗಿನ ಬೈಕ್ ಓಡಿಸಬಹುದು. ಮೋಟಾರ್‌ವೇ ಹತ್ತುವಂತಿಲ್ಲ, ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಬುಲೆಟ್ ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲೇ ಆದರೂ 350 ಸಿಸಿಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ವಿಮೆಯ ಕಂತು ಎಷ್ಟೆಂದು ಬೈಕ್ ಕೊಳ್ಳುವ ಮೊದಲೇ ವಿಚಾರಿಸಿ. ವಯಸ್ಸು, ವಿಳಾಸ, ರಾತ್ರಿ ಬೈಕ್ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದು ಬಹಳ ಏರಿಳಿಯುತ್ತದೆ.

ಬೈಕ್ ಕೊಂಡು ಊಟ ತಲುಪಿಸುವ ಕೆಲಸ ಮಾಡುತ್ತೇನೆ, ಸಾಲದ ಕಂತು ಕಟ್ಟುತ್ತೇನೆ ಎನ್ನುವವರಿಗೆ ಕೈಮುಗಿದು ಹೇಳುತ್ತೇನೆ: ಆ್ಯಪ್ ಮೂಲಕ ಮಾಡುವ ಆ ಕೆಲಸ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ, ಆ್ಯಪ್‌ನಲ್ಲಿ ಇನ್ನೊಬ್ಬರ ಖಾತೆಯಲ್ಲಿ ದುಡಿಯುವುದೂ ಅಪರಾಧ. ಹೊಲ ಅಡವಿಟ್ಟು ಕಳಿಸಿದ ತಂದೆತಾಯಿಯ ಮುಖ ನೆನೆಸಿಕೊಳ್ಳಿ.

ಇನ್ನು ಹೆಲ್ಮೆಟ್. ನಮ್ಮಲ್ಲಿ ಅದು ಕನ್ನಡಿಗೆ ನೇತಾಡುತ್ತಿದ್ದು, ರಾಯಲ್ ಸರ್ಕಲ್‌ನಲ್ಲಿ ಪೊಲೀಸರು ಕಂಡಾಗ ಮಾತ್ರ ತಲೆಗೇರುತ್ತದೆ. ಈ ರೂಢಿಯನ್ನು ಇಲ್ಲೇ ಬಿಟ್ಟು ಹೊರಡಿ. ಬರೀ ಐಎಸ್‌ಐ ಗುರುತಿರುವ ಹೆಲ್ಮೆಟ್ಟನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಬೇಡಿ, ಅಲ್ಲಿನ ಕಾನೂನಿಗೆ ಅದು ಸಲ್ಲುವುದಿಲ್ಲ. ಗದ್ದದ ಪಟ್ಟಿಗೆ ಹೊಲಿದ ಚೀಟಿಯಲ್ಲಿ ವೃತ್ತದೊಳಗೆ ‘ಇ’ ಅಕ್ಷರವಿದ್ದು, ಅನುಮೋದನೆ ಸಂಖ್ಯೆ 06ರಿಂದ ಶುರುವಾದರೆ ಅದು ಇಸಿಇ 22.06, ಹೊಸ ಮಾನದಂಡ. ಅಲ್ಲಿನ ಸರ್ಕಾರ ಶಾರ್ಪ್ ಎಂಬ ಯೋಜನೆಯಡಿ 2007ರಿಂದ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ 1ರಿಂದ 5 ನಕ್ಷತ್ರ ಕೊಡುತ್ತದೆ. ಅಗ್ಗದವಕ್ಕೂ ಒಳ್ಳೆಯ ಅಂಕ ಬಂದಿರುವುದುಂಟು, ಆದ್ದರಿಂದ ಬಡವರ ಮಕ್ಕಳು ಕುಗ್ಗಬೇಕಾಗಿಲ್ಲ.

ಅಂಗಡಿಯಲ್ಲಿ ಸಂಕೋಚಪಡಬೇಡಿ. ಹೆಲ್ಮೆಟ್ ಹಾಕಿಕೊಂಡು ಎಡಬಲಕ್ಕೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಅದರೊಂದಿಗೆ ಎಳೆದುಕೊಂಡು ಬರಬೇಕು. ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಹಾಕಿಕೊಂಡೇ ಒಂದಷ್ಟು ಹೊತ್ತು ಅಡ್ಡಾಡಿ. ಹಣೆ ನೋಯತೊಡಗಿದರೆ ಬೇರೆ ಆಕಾರ ನೋಡಿ. ಬಳಸಿದ ಹೆಲ್ಮೆಟ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಒಳಗಿನ ಥರ್ಮಾಕೋಲ್ ಪದರ ಒಮ್ಮೆ ಪೆಟ್ಟು ತಿಂದು ಅಮುಕಿಹೋದರೆ ಮತ್ತೆ ಉಬ್ಬುವುದಿಲ್ಲ, ಮೇಲಿನ ಚಿಪ್ಪು ಎಷ್ಟೇ ಹೊಳೆಯುತ್ತಿರಲಿ.

ಬಳ್ಳಾರಿಯವರಿಗೆ ಇನ್ನೊಂದು ಮಾತು. ಓಣಿ ಓಣಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತ ಬೆಳೆದವರು ನಾವು, ನಮ್ಮ ಜೀನ್ಸ್ ಬಗ್ಗೆ ನಮಗೆ ಅಭಿಮಾನ. ಆದರೆ ಸಾದಾ ಜೀನ್ಸ್ ಡಾಂಬರಿಗೆ ಉಜ್ಜಿದರೆ ಕ್ಷಣದಲ್ಲಿ ತೂತು ಬೀಳುತ್ತದೆ, ಮುಂದಿನದು ನಿಮ್ಮ ಮಂಡಿಯ ಚಿಪ್ಪು. ಬೈಕ್ ಉಡುಪಿನ ಯುರೋಪಿಯನ್ ಮಾನದಂಡವಾದ ಇಎನ್ 17092ರ ಚೀಟಿಯಿರುವ ಪ್ಯಾಂಟು, ಜಾಕೆಟ್ ನೋಡಿ. ‘ಎಎ’ ದರ್ಜೆಯಾದರೆ ಸಾಕು. ಇವನ್ನು ಬಳಸಿದ್ದು ಕೊಂಡರೆ ತಪ್ಪಿಲ್ಲ, ಹೊಲಿಗೆ ಬಿಟ್ಟಿಲ್ಲವೆಂದು ನೋಡಿಕೊಂಡು ಮೊಣಕೈ, ಭುಜದ ಪ್ಯಾಡುಗಳನ್ನು ಹೊಸದು ಹಾಕಿಸಿ. ರಾಯಚೂರಿನ ಬಿಸಿಲಿಗೆಂದು ಮಾಡಿದ ಜಾಲರಿ ಜಾಕೆಟ್ ಇಲ್ಲಿಂದ ಒಯ್ದರೆ ನವೆಂಬರಿನಲ್ಲಿ ಎದೆ ನಡುಗುತ್ತದೆ. ಕೈಗವಸು ದಪ್ಪನೆಯದಿರಲಿ, ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ತಡವಾಗುತ್ತದೆ. ಚಪ್ಪಲಿ, ಕ್ಯಾನ್ವಾಸ್ ಬೂಟು ಬೇಡ, ಕಾಲಿನ ಗಿಣ್ಣು ಮುಚ್ಚಬೇಕು.

ಬೈಕ್ ನೋಡಲು ಹೋಗುವಾಗ ಎಂಜಿನ್ ಚಾಲೂ ಮಾಡದೆ ಇಡಲು ಮೊದಲೇ ಹೇಳಿ. ಹೋದೊಡನೆ ಎಂಜಿನ್ ಬಳಿ ಅಂಗೈ ಒಡ್ಡಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ, ಏಕೆಂದರೆ ಚಳಿಯಲ್ಲಿ ಶುರುವಾಗಲು ತಕರಾರು ಮಾಡುವ ಬೈಕನ್ನು ಹಾಗೆ ಮುಚ್ಚಿಡುವವರಿದ್ದಾರೆ. ಮುಂದಿನ ಫೋರ್ಕಿನ ಮೇಲೆ ಎಣ್ಣೆಯ ಜಿಡ್ಡು ಇರಬಾರದು. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೊಣಕಾಲೂರಿ ಕೆಳಗೂ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ತುಕ್ಕು ಅಲ್ಲಿಂದಲೇ ಹತ್ತುತ್ತದೆ. ಮೂರು ವರ್ಷ ದಾಟಿದ ಬೈಕಿಗೆ ಪ್ರತಿ ವರ್ಷ ಎಂಒಟಿ, ಅಂದರೆ ರಸ್ತೆಗಿಳಿಯಲು ಯೋಗ್ಯವೇ ಎಂಬ ತಪಾಸಣೆ, ಕಡ್ಡಾಯ. ಆ ದಾಖಲೆ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆಯಾ ವರ್ಷ ಓಡಿದ ಮೈಲಿ ಅದರಲ್ಲಿ ಬರೆದಿರುವುದರಿಂದ ಮೀಟರ್ ತಿರುಗಿಸಿದ್ದರೆ ಗೊತ್ತಾಗಿಬಿಡುತ್ತದೆ.

ಅಲ್ಲಿಯೂ ಎಡಬದಿಯ ಸಂಚಾರವೇ. ಹಾರ್ನ್ ಹೊಡೆದು ದಾರಿ ಕೇಳುವುದು ಮಾತ್ರ ಅಲ್ಲಿ ಜಗಳಕ್ಕೆ ಕರೆದಂತೆ. ತಿರುಗುವ ಮುನ್ನ ಕನ್ನಡಿಯನ್ನಷ್ಟೇ ನಂಬದೆ ಕತ್ತು ತಿರುಗಿಸಿ ಹೆಗಲ ಹಿಂದೆ ನೋಡಿ.

ಇಷ್ಟೆಲ್ಲ ಆದಮೇಲೂ ಒಂದು ಕೊರತೆ ಉಳಿಯುತ್ತದೆ. ಇಲ್ಲಿ ಬೈಕ್ ಮನೆಗೆ ಬಂದರೆ ಕನಕ ದುರ್ಗಮ್ಮನ ಗುಡಿಯ ಮುಂದೆ ಪೂಜೆ, ಚಕ್ರದ ಕೆಳಗೆ ನಿಂಬೆಹಣ್ಣು, ಸಂಜೆ ಇಡೀ ಮನೆಯೇ ಅದರ ಮೇಲೆ. ಅಪ್ಪನ ಬೆನ್ನಿಗೆ ಕೆನ್ನೆಯೊತ್ತಿ ನಿದ್ದೆ ಮಾಡಿದ ನೆನಪು ನಮ್ಮ ಪೀಳಿಗೆಯ ಎಲ್ಲರಿಗೂ ಇದೆ. ಅಲ್ಲಿ ಬೈಕ್ ಒಬ್ಬರದು. ನನ್ನ ಮಗಳಿಗೆ ಆ ಬೆಚ್ಚಗಿನ ಬೆನ್ನು ಸಿಗಲಿಲ್ಲ ಎಂಬ ನೋವು ನನಗಿದೆ. ಈ ಸಲ ಬಳ್ಳಾರಿಯಲ್ಲಿ ಅವಳು ಹೆಲ್ಮೆಟ್ಟಿಲ್ಲದ ಅಜ್ಜನ ಬೈಕ್ ಹತ್ತಲು ಒಪ್ಪಲಿಲ್ಲ. ಅಜ್ಜ ಮುನಿಸಿಕೊಂಡರು, ಮರುದಿನ ತಾವೇ ಹೋಗಿ ಎರಡು ಹೆಲ್ಮೆಟ್ ತಂದರು. ಮುಂದಿನ ವರ್ಷ ಅವಳಿಗೆ ಹದಿನೇಳು ತುಂಬುತ್ತದೆ, ಸಿಬಿಟಿಗೆ ಹೆಸರು ಕೊಡುತ್ತಾಳಂತೆ.